ತಾನಾಗಿ ಬಿದ್ದಂಥ ನೆಲ

ಒಡೆದ ಟೈಲ್ಸ್ ಚೂರುಗಳಿಂದ ನೆಲ ಹಾಸುವುದು ಅವನ ಕಸುಬು. ಅಪ್ಪ ಅಮ್ಮ ಇಟ್ಟ ಹೆಸರು ಯಾರ ನೆನಪಿನಲ್ಲೂ ಉಳಿದಿಲ್ಲ, ಎಲ್ಲರ ಬಾಯಲ್ಲೂ ಅವನು ಚೂರಪ್ಪ. ಅವನ ಮೈ ಉರಿಯಲು ಗಿರಾಕಿಯ ಒಂದೇ ಮಾತು ಸಾಕು: “ಲೆಕ್ಕಾಚಾರ ಏನೂ ಬೇಡಪ್ಪ, ಸುಮ್ನೆ ಚೆಲ್ಲಿದ ಹಾಗೆ ಕಾಣ್ಬೇಕು, ಅಷ್ಟೇ.”

ಥೂ! ಮೊದಮೊದಲು ಆ ಮಾತನ್ನು ನಂಬಿ ನಿಜವಾಗಿಯೇ ಚೆಲ್ಲಿದ್ದ. ಕಣ್ಣು ಮುಚ್ಚಿ ಬುಟ್ಟಿಗೆ ಕೈ ಹಾಕಿ, ಸಿಕ್ಕಿದ್ದನ್ನು ಸಿಕ್ಕಲ್ಲಿ ಕೂರಿಸಿದ್ದ. ಚೆಲ್ಲಿದ್ದು ಎಂದಾದರೂ ಸಮನಾಗಿ ಬೀಳುತ್ತದೆಯೇ? ಒಂದು ಮೂಲೆಯಲ್ಲಿ ನಾಲ್ಕು ನೀಲಿ ಚೂರು ಗುಂಪುಗೂಡಿದವು. ಗಿರಾಕಿ ಸೊಂಟಕ್ಕೆ ಕೈಯಿಟ್ಟು, “ಇದೇನ್ರೀ, ಬೇಕಂತಲೇ ಹೀಗೆ ಮಾಡಿದೀರಾ?” ಎಂದು ಎಲ್ಲವನ್ನೂ ಕೀಳಿಸಿದ.

ಅಂದಿನಿಂದ ಚೂರಪ್ಪ ಚೆಲ್ಲುವ ನಾಟಕ ಕಲಿತ. ಒಂದೇ ಬಣ್ಣದ ಎರಡು ಚೂರು ಒಂದಕ್ಕೊಂದು ತಾಗಬಾರದು. ಸಂದು ಬೆರಳಿಗಿಂತ ಅಗಲವಾಗಬಾರದು, ನೇರ ಗೆರೆಯಾಗಿ ಓಡಲೂಬಾರದು. ಕತ್ತರಿಸುವುದು ಆದಷ್ಟು ಕಡಿಮೆ, ಬುಟ್ಟಿಯಲ್ಲಿ ಉಳಿಯುವುದು ಇನ್ನೂ ಕಡಿಮೆ. ಇಷ್ಟೂ ಕೂಡಿಬರಲು ಒಂದೊಂದು ಚೂರನ್ನೂ ಹತ್ತು ಕಡೆ ಇಟ್ಟು ತೆಗೆದು ಮಂಡಿ ಸವೆಸಬೇಕು. ಕೊನೆಗೆ ಅದು ತಾನಾಗಿ ಬಿದ್ದಂತೆ ಕಾಣಬೇಕು! “ಆಹಾ, ಎಷ್ಟು ಸಹಜವಾಗಿದೆ” ಎಂದು ಗಿರಾಕಿಗಳು ತಲೆದೂಗಿದರೆ ಅವನು ಬಾಯಿಗೆ ಬಂದ ಥೂ ಅನ್ನು ನುಂಗಿಕೊಳ್ಳುತ್ತಿದ್ದ.

ದೀಪದ ಬುಡದಲ್ಲಿ ಕತ್ತಲು. ಅವನ ಮನೆಗೆ ಮಾತ್ರ ಬರೀ ಸಿಮೆಂಟು ನೆಲ. ಕೇಳಿ ಕೇಳಿ ಸಾಕಾದ ಹೆಂಡತಿ ಈ ಸಲ ಹಟ ಹಿಡಿದಳು.

“ಅಡುಗೆಮನೆಗೆ ನಾನೇ ಹಾಕ್ತೀನಿ. ನೀವು ಸಿಮೆಂಟ್ ಕಲಸಿ ಕೊಡಿ ಸಾಕು. ದಿನಾ ಆ ಸುಳ್ಳು ನೆಲಾನ ಬೈಕೊಂಡೇ ಮನೆಗೆ ಬರ್ತೀರಿ. ನನಗೊಂದು ನಿಜವಾದ್ದು ಬೇಕು.”

ಅವಳು ಏನೋ ಗುನುಗುತ್ತಾ ಕೈಗೆ ಬಂದದ್ದನ್ನು ಇಟ್ಟುಕೊಂಡು ಹೋದಳು. ಒಲೆಯ ಮುಂದೆ ಮೂರು ಕೆಂಪು ಚೂರು ಒಟ್ಟಿಗೆ ಬಂದವು. “ನೋಡಿ, ತಾವಾಗೇ ಸೇರ್ಕೊಂಡ್ವು! ನಾನು ನಿಂತ್ಕೊಳ್ಳೋ ಜಾಗ ಇದು” ಎಂದು ಮಗುವಿನ ಹಾಗೆ ನಕ್ಕಳು. ಕೈ ತೊಳೆದು ತರಕಾರಿ ತರಲು ಹೋದಳು.

ಚೂರಪ್ಪ ಬಾಗಿಲಲ್ಲಿ ನಿಂತು ನೋಡಿದ. ಆ ಮೂರು ಕೆಂಪು ಚೂರು ಕಣ್ಣಿಗೆ ಕಸ ಬಿದ್ದ ಹಾಗೆ ಚುಚ್ಚಿದವು. ಸಿಮೆಂಟು ಇನ್ನೂ ಹಸಿ. ಒಂದನ್ನು ಮಾತ್ರ ಜರುಗಿಸೋಣ ಎಂದು ಕೂತ. ಒಂದನ್ನು ಎತ್ತಿದರೆ ಅಲ್ಲಿಗೆ ಇನ್ನೊಂದು ಬೇಕಾಯಿತು, ಆ ಇನ್ನೊಂದರ ಜಾಗಕ್ಕೆ ಮತ್ತೊಂದು. ಬೆರಳುಗಳು ಅವನನ್ನು ಕೇಳಲೇ ಇಲ್ಲ.

ಹೆಂಡತಿ ಚೀಲ ಹಿಡಿದು ಬಂದವಳು ಹೊಸ್ತಿಲಲ್ಲೇ ನಿಂತಳು. ನೆಲದ ಉದ್ದಗಲಕ್ಕೂ ಕಣ್ಣಾಡಿಸಿದಳು.

“ಯಾರ ಮನೆ ಇದು?”

ಚೂರಪ್ಪನ ಮುಖ ಸಣ್ಣಗಾಯಿತು. “ಇನ್ನೂ ಗಟ್ಟಿಯಾಗಿಲ್ಲ ಕಣೇ. ಆ ಮೂರು ಕೆಂಪು ಎಲ್ಲಿದ್ವೋ ಅಲ್ಲೇ ಇಡ್ತೀನಿ.”

“ಇಟ್ರೆ ಅದು ನೀವು ಇಟ್ಟಿದ್ದಾಗುತ್ತೆ” ಎಂದಳು, ಚೀಲವನ್ನು ಅಲ್ಲೇ ಇಳಿಸಿ ಹೊರಗೆ ಹೋಗಿ ಕೂತಳು.

ಅವನು ಮಂಡಿಯೂರಿ ಒಂದೇ ಒಂದು ತಪ್ಪಿಗಾಗಿ ನೆಲವನ್ನೆಲ್ಲ ಹುಡುಕಿದ. ಎಲ್ಲೂ ಸಿಗಲಿಲ್ಲ. ಗಿರಾಕಿಗಳ ಮುಖಕ್ಕೆ ಉಗಿಯಬೇಕೆಂದು ಇಷ್ಟು ವರ್ಷ ತಡೆದಿಟ್ಟುಕೊಂಡ ಥೂ ಅವತ್ತು ಅವನ ಕೈಗಳ ಮೇಲೆಯೇ ಬಿತ್ತು.