ಸೀಟು ಹಿಡಿದು ಓಡಿದವರು

ಮೊನ್ನೆ ತಂಗಿಯ ಮಗಳಿಗೆ ಸೈಕಲ್ ಕೊಡಿಸಲು ಕುಣಿಗಲ್ಲಿಗೆ ಹೋಗಿದ್ದೆ. ಅಂಗಡಿಯೊಳಗೆ ಕಾಲಿಡುತ್ತಲೇ ಹೊಸ ಟೈರಿನ ವಾಸನೆ ಮೂಗಿಗೆ ಬಡಿಯಿತು. ಹಿಂದೆ ನಾನು ಕೆಲಸಕ್ಕಿದ್ದ ಅಂಗಡಿಯ ಮೇಡಂ ನೆನಪಾದರು... ಯಾರೂ ಏನೂ ಅನ್ನದಿದ್ದರೂ ನನ್ನ ತಲೆ ತಗ್ಗಿತು.

ಮದುವೆಯಾಗಿ ಗುಬ್ಬಿಗೆ ಬಂದ ಮೇಲೆ ನಾನು ತುಮಕೂರಿನ ಸೈಕಲ್ ಅಂಗಡಿಯೊಂದರಲ್ಲಿ ಸೇಲ್ಸ್ ಕೆಲಸಕ್ಕೆ ಸೇರಿದ್ದೆ. ರಿಪೇರಿ ಕೆಲಸ ಅಂಗಡಿಯ ಯಜಮಾನರದು, ವ್ಯಾಪಾರವೆಲ್ಲ ಅವರ ಹೆಂಡತಿ, ನಮ್ಮ ಮೇಡಂದು. ಯಾವ ಎತ್ತರದವರಿಗೆ ಯಾವ ಸೈಜು, ಗೇರು ಯಾರಿಗೆ ಬೇಕು, ಯಾರಿಗೆ ಬೇಡ, ಎಲ್ಲವನ್ನೂ ನನಗೆ ಬಾಯಿಪಾಠ ಮಾಡಿಸಿದ್ದರು. ಆದರೆ ನನಗೆ ಸೈಕಲ್ ತುಳಿಯಲು ಬರುವುದಿಲ್ಲ ಎಂದು ನಾನು ಹೇಳಿರಲಿಲ್ಲ, ಅವರೂ ಕೇಳಿರಲಿಲ್ಲ.

ಒಂದು ಭಾನುವಾರ ಗೂಳೂರಿನಿಂದ ಅಪ್ಪ, ಮಗಳು ಬಂದರು. ನನ್ನ ಮಾತನ್ನೆಲ್ಲ ಕೇಳಿಸಿಕೊಂಡ ಹುಡುಗಿ, "ಆಂಟಿ, ನೀವೇ ಒಂದ್ ರೌಂಡ್ ಹೊಡ್ದು ತೋರ್ಸಿ" ಎಂದಳು. ಬರುವುದಿಲ್ಲ ಎನ್ನಲು ನಾಲಿಗೆ ಏಳಲಿಲ್ಲ. ಹತ್ತಿದೆ. ಅಂಗಡಿ ಮುಂದೆ ಸಾಲಾಗಿ ನಿಲ್ಲಿಸಿದ್ದ ಸೈಕಲ್‌ಗಳ ಮೇಲೆಯೇ ಬಿದ್ದೆ. ಅವೂ ಒಂದರ ಮೇಲೊಂದು ಉರುಳಿದವು. ರಸ್ತೆಯಲ್ಲಿದ್ದವರೆಲ್ಲ ನಕ್ಕರು.

"ಓಡ್ಸಕ್ ಬರ್ದೋರು ಮಾರಕ್ ನಿಂತವ್ರಲ್ಲಪ್ಪ!" ಎಂದು ಆ ಅಪ್ಪ ಮಗಳ ಕೈ ಹಿಡಿದು ಹೊರಟೇಬಿಟ್ಟರು.

ಅಳುತ್ತಲೇ ಕೆಲಸ ಬಿಡುತ್ತೇನೆಂದೆ. ಮೇಡಂ ಬೈಯಲಿಲ್ಲ. "ನಾಳೆ ಬೆಳಿಗ್ಗೆ ಬೇಗ ಬಾರಮ್ಮ" ಎಂದರಷ್ಟೆ.

ಮರುದಿನ ಹತ್ತಿರದ ಮೈದಾನಕ್ಕೆ ಕರೆದುಕೊಂಡು ಹೋದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಸೀಟು ಹಿಡಿದು, ಏದುಸಿರು ಬಿಡುತ್ತ ನನ್ನ ಹಿಂದೆ ಓಡಿದರು. "ಕೆಳಗ್ ನೋಡ್ಬೇಡ ಕಣೇ, ದೂರ ನೋಡು!" ವಾಕಿಂಗ್ ಬಂದವರು ನಿಂತು ನೋಡುತ್ತಿದ್ದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು. ಹಾಗೇ ಹಲವು ಬೆಳಗು... ಕೊನೆಗೊಂದು ದಿನ ಅವರು ಕೈ ಬಿಟ್ಟದ್ದೂ ತಿಳಿಯದೆ ಮೈದಾನ ಸುತ್ತಿ ಬಂದೆ. ಮೇಡಂ ಚಪ್ಪಾಳೆ ತಟ್ಟುತ್ತ ಕುಣಿದಾಡಿದರು.

ಹೋದ ವರ್ಷ ಮೇಡಂ ತೀರಿಕೊಂಡರು. ಅವರ ಮನೆಗೆ ಹೋದಾಗ ಯಜಮಾನರ ಬಳಿ ಮೈದಾನದ ಸಂಗತಿ ತೆಗೆದೆ. ಅವರು, "ಅವ್ಳಿಗೂ ಸೈಕಲ್ ಬರ್ತಿರ್ಲಿಲ್ಲ ಕಣಮ್ಮ" ಎಂದರು. "ನಾನ್ ಕಲಿಸ್ತೀನಿ ಬಾ ಅಂದ್ರೆ, ಈ ವಯಸ್ಸಲ್ಲಿ ಬಿದ್ರೆ ಜನ ನಗಲ್ವಾ ಅಂತಿದ್ಲು."

ಸೈಕಲ್ ಇತ್ತು, ಮೈದಾನವಿತ್ತು, ಹಿಂದೆ ಓಡಲು ನಾನಿದ್ದೆ. ಅಷ್ಟು ದಿನವೂ ನನಗೆ ಕಂಡಿದ್ದು ನನ್ನ ನಾಚಿಕೆಯೊಂದೇ... ಈಗ ಗುಬ್ಬಿಯಲ್ಲಿ ದಿನವೂ ಸೈಕಲ್ ತುಳಿಯುತ್ತೇನೆ. "ಮೇಡಂ, ನೀವೂ ಒಂದ್ಸಲ ಕೂತ್ಕೊಳ್ಳಿ" ಎಂದು ಬಾಯಿಮಾತಿಗೂ ನಾನು ಕೇಳಲಿಲ್ಲವಲ್ಲ.