ಹಕ್ಕಿ ಮುದ್ದೆ ತಿಂದ ಅಧ್ಯಾಯ

ಸಿನಿಮಾದ ಹೆಸರು ಬರೆಯುವುದಿಲ್ಲ. ಬರೆದರೆ ಪಕ್ಕದಲ್ಲೇ ಕಾದಂಬರಿಯ ಹೆಸರನ್ನೂ ಬರೆಯಬೇಕಾಗುತ್ತದೆ, ಆಗ ಯಾವುದು ಮೊದಲು ಬರಬೇಕು ಎಂದು ನನ್ನ ಓರಗಿತ್ತಿ ಮಹಡಿಯಿಂದ ಇಳಿದು ಬಂದು ಜಗಳ ತೆಗೆಯುತ್ತಾಳೆ. ಅದೊಂದು ಮಾಯಾಜಾಲದ ಸಿನಿಮಾ ಎಂದರೆ ಸಾಕು. ಏಳು ಬಾಗಿಲಿನ ಬಾವಿ, ಅದರ ತಳದಲ್ಲಿ ಆರದ ದೀಪ, ಏಳನೇ ಬಾಗಿಲಿಗೆ ಕಾವಲು ಕೂತ ಆಳೆತ್ತರದ ಒಂಟಿಕಣ್ಣಿನ ಹಕ್ಕಿ. ದೀಪ ತರಲು ಕತ್ತಿ ಹಿಡಿದು ಬಾವಿಗೆ ಇಳಿಯುವವಳು ಕಮ್ಮಾರನ ಮಗಳು.

ಹೊಸಕೋಟೆಯ ನಮ್ಮ ಮನೆಯಲ್ಲಿ ಕೆಳಗೆ ನಾವು, ಮೇಲೆ ನನ್ನ ಮೈದುನ ಮತ್ತು ಅವನ ಹೆಂಡತಿ. ಅವಳೇ ಈ ಓರಗಿತ್ತಿ. ಮಾಲೂರಿನ ಕಡೆಯವಳು, ನನಗಿಂತ ಎಂಟು ವರ್ಷ ಚಿಕ್ಕವಳು, ಬಾಯಿಯಲ್ಲಿ ಎಂಟು ವರ್ಷ ದೊಡ್ಡವಳು. ಮದುವೆಯಾಗಿ ಬಂದ ತಿಂಗಳಲ್ಲೇ ಅವಳ ಸೂಟ್‌ಕೇಸಿನೊಳಗೆ ಆ ಸಿನಿಮಾದ ಹಾಡಿನ ಪುಸ್ತಕ ಕಂಡು ನಾನು ಕಿರುಚಿಬಿಟ್ಟೆ. ಅತ್ತೆಗೆ ಚೇಳು ಕಚ್ಚಿತೇನೋ ಎಂದು ಗಾಬರಿಯಾಯಿತು. ನನ್ನ ಬಳಿ ಅದೇ ಸಿನಿಮಾದ ಎರಡು ಸ್ಟಿಲ್ ಫೋಟೋಗಳಿದ್ದವು. ಅವತ್ತಿನಿಂದ ನಮ್ಮ ಸಂಗ್ರಹ ಒಂದಾಯಿತು. ಅಭಿಪ್ರಾಯ ಮಾತ್ರ ಒಂದಾಗಲಿಲ್ಲ.

ಪಿಲ್ಲಗುಂಪೆಯ ಫ್ಯಾಕ್ಟರಿಯೊಂದರ ಸ್ಟೋರ್ಸ್‌ನಲ್ಲಿ ನನ್ನ ಕೆಲಸ. ವಾರವೆಲ್ಲ ನಟ್ಟು ಬೋಲ್ಟು. ಭಾನುವಾರ ಬಂತೆಂದರೆ ಅವಳ ಸ್ಕೂಟರ್ ಹಿಂದೆ ಕೂತು ಹೊರಡುವುದು. ಗುಜರಿ ಅಂಗಡಿ, ಮುಚ್ಚಿಹೋದ ಟೆಂಟ್ ಸಿನಿಮಾದವರ ಮನೆ, ಹಳೇ ಪೋಸ್ಟರ್ ಅಂಟಿಸುತ್ತಿದ್ದವರ ಅಟ್ಟ, ಯಾವುದನ್ನೂ ಬಿಟ್ಟವರಲ್ಲ. ಒಂದು ಸಲ ನೆಲಮಂಗಲದ ಹತ್ತಿರ ಒಬ್ಬರ ದನದ ಕೊಟ್ಟಿಗೆಯಲ್ಲಿ ಮಳೆ ನೀರು ಸೋರದಂತೆ ಸಿಕ್ಕಿಸಿದ್ದ ಪೋಸ್ಟರ್ ಬಿಚ್ಚಿಸಿಕೊಂಡು, ಬದಲಿಗೆ ಹೊಸ ಟಾರ್ಪಾಲಿನ್ ಹೊದಿಸಿ ಬಂದೆವು. ಇವರಿಗೇನು ಹುಚ್ಚು ಹಿಡಿದಿದೆಯಾ ಎಂದು ಆ ಮನೆಯವರು ನಮ್ಮ ಮುಂದೆಯೇ ಮಾತಾಡಿಕೊಂಡರು. ಹಿಡಿದಿತ್ತು, ಸುಳ್ಳೇಕೆ ಹೇಳಲಿ.

ಇನ್ನು ಜಗಳದ ವಿಷಯ. ಆ ಸಿನಿಮಾ ಒಂದು ವಾರಪತ್ರಿಕೆಯ ಧಾರಾವಾಹಿಯಿಂದ ಮಾಡಿದ್ದು. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಆವತಿಯ ನಮ್ಮ ಮನೆಗೆ ಆ ಪತ್ರಿಕೆ ಬರುತ್ತಿತ್ತು. ಅಮ್ಮ ಸಂಜೆ ಜಗುಲಿಯಲ್ಲಿ ಕೂತು ನನಗೆ ಓದಿ ಹೇಳುತ್ತಿದ್ದಳು. ಓದಿ ಮುಗಿದ ಕಂತನ್ನು ಬ್ಲೇಡಿನಿಂದ ಕತ್ತರಿಸಿ ಜೋಡಿಸಿಡುವಳು. ಧಾರಾವಾಹಿ ಮುಗಿದ ಮೇಲೆ ದಬ್ಬಳದಲ್ಲಿ ಹೊಲಿದು, ಹಳೇ ಕ್ಯಾಲೆಂಡರಿನ ರಟ್ಟು ಹಾಕಿ ಪುಸ್ತಕ ಮಾಡಿದಳು. ಆ ಕಾಲದಲ್ಲಿ ಓದುವ ಹೆಂಗಸರಿದ್ದ ಮನೆಗಳಲ್ಲೆಲ್ಲ ಇಂಥ ನಾಲ್ಕಾರು ಪುಸ್ತಕಗಳು ಇರುತ್ತಿದ್ದವು. ನಮ್ಮದರಲ್ಲಿ ಕೊನೆಯ ಕಂತು ಮಾತ್ರ ಇರಲಿಲ್ಲ. ಯಾರೋ ಓದಲು ಒಯ್ದವರು ತಂದುಕೊಡಲಿಲ್ಲ ಎಂದು ಅಮ್ಮ ಹೇಳಿದ್ದಳು. ನನಗೆ ಅದರಿಂದ ತೊಂದರೆಯೇನೂ ಆಗಲಿಲ್ಲ, ಯಾಕೆಂದರೆ ಆ ಕಂತು ನನಗೆ ಬಾಯಿಪಾಠವಾಗಿತ್ತು.

ಸಿನಿಮಾದ ಕೊನೆಯಲ್ಲಿ ಕಮ್ಮಾರನ ಮಗಳು ಒಂದೇ ಏಟಿಗೆ ಹಕ್ಕಿಯ ತಲೆ ಕತ್ತರಿಸುತ್ತಾಳೆ. ತಲೆ ಮೆಟ್ಟಿಲ ಮೇಲೆ ಉರುಳುತ್ತದೆ, ಬಾಗಿಲು ತೆರೆಯುತ್ತದೆ, ಟೆಂಟಿನಲ್ಲಿ ಶಿಳ್ಳೆ. ಕಾದಂಬರಿಯಲ್ಲಿ ಹಾಗಲ್ಲ! ಆರು ಬಾಗಿಲು ಒಡೆದು ಅವಳ ಕತ್ತಿ ಮೊಂಡಾಗಿರುತ್ತದೆ. ಏಳನೇ ಬಾಗಿಲ ಮುಂದೆ ಅವಳು ಸುಸ್ತಾಗಿ ಕೂತು, ಅವ್ವ ಕಟ್ಟಿಕೊಟ್ಟ ಬುತ್ತಿ ಬಿಚ್ಚಿ, ಮುದ್ದೆಯನ್ನು ಎರಡು ಭಾಗ ಮಾಡಿ ಒಂದನ್ನು ಹಕ್ಕಿಯ ಮುಂದಿಡುತ್ತಾಳೆ. ನನ್ನನ್ನು ಕೊಲ್ಲಲು ಬಂದವರು ನೂರು ಜನ, ಉಣ್ಣು ಅಂದವಳು ನೀನೊಬ್ಬಳೇ ಎನ್ನುತ್ತದೆ ಹಕ್ಕಿ. ಆಮೇಲೆ ಹೇಳುತ್ತದೆ, ನೀನು ತಿಂದರೆ ನಾನೂ ತಿನ್ನುತ್ತೇನೆ. ಆ ಸಾಲು ಓದಿ ಅಮ್ಮ ಪತ್ರಿಕೆಯಿಂದ ಕಣ್ಣೆತ್ತಿ ಸುಮಾರು ಹೊತ್ತು ಸುಮ್ಮನಾಗಿದ್ದಳು. ಒಳ್ಳೆಯ ಬರವಣಿಗೆ ಓದುವಾಗ ಎಲ್ಲಿ ನಿಲ್ಲಿಸಬೇಕು ಎಂಬುದು ನಮ್ಮಮ್ಮನಿಗೆ ಗೊತ್ತಿತ್ತು ಎಂದು ನಾನು ಎಷ್ಟು ಜನಕ್ಕೆ ಕೊಚ್ಚಿಕೊಂಡಿದ್ದೇನೋ.

"ಅಕ್ಕಾ, ನಿಮ್ ಹಕ್ಕಿ ಉಪ್ಸಾರಲ್ಲಿ ತಿಂತಾ, ಬಸ್ಸಾರಲ್ಲಿ ತಿಂತಾ?" ಎಂದು ಓರಗಿತ್ತಿ ಕಾಲೆಳೆಯುತ್ತಿದ್ದಳು.

"ನಗು, ನಗು. ಸಿನಿಮಾದೋರಿಗೆ ಕತ್ತಿ ಬಿಟ್ರೆ ಬೇರೇನು ಕಾಣುತ್ತೆ? ಆ ಮುದ್ದೇಲೇ ಇರೋದು ಇಡೀ ಕತೆ. ಅದನ್ನೇ ತೆಗೆದಾಕಿದ್ರು ದರಿದ್ರದೋರು!"

"ಓದಿದ್ದೀರಾ ನೀವು? ಕಣ್ಣಾರೆ?"

"ಕೇಳಿದ್ದೀನಿ ಕಣೇ. ಕಿವಿಯಾರೆ."

ಎಲ್ಲ ಜಗಳವೂ ಇಲ್ಲಿಗೇ ಬಂದು ನಿಲ್ಲುತ್ತಿತ್ತು. ಹದಿನಾರು ವರ್ಷ.

ಹೋದ ಬೇಸಗೆಯಲ್ಲಿ ನಮಗೆ ಆ ತಲೆ ಸಿಕ್ಕಿತು. ಊರ ನಾಟಕಗಳಿಗೆ ಪರದೆ, ಕಿರೀಟ, ಗದೆ ಬಾಡಿಗೆಗೆ ಕೊಡುವ ಡ್ರಾಮಾ ಸೀನರಿಯವರೊಬ್ಬರ ಶೆಡ್ಡು ಅದು. ಗದೆಗಳ ರಾಶಿಯ ಹಿಂದೆ, ಗೋಣಿಚೀಲದೊಳಗಿಂದ ಒಂದು ಕೊಕ್ಕು ಇಣುಕುತ್ತಿತ್ತು. ಓರಗಿತ್ತಿ ನನ್ನ ತೋಳು ಹಿಂಡಿದಳು. ಚೀಲ ಎಳೆದರೆ, ಕಾಗದ ನೆನೆಸಿ ಅರೆದು ಮಾಡಿದ ಹಕ್ಕಿಯ ತಲೆ! ನೀರಿನ ಕೊಡದಷ್ಟು ದೊಡ್ಡದು. ಒಂದೇ ಗಾಜಿನ ಕಣ್ಣು. ಕೊಕ್ಕಿನ ಎಡಗಡೆ ಸೀಳು. ಅವಳು ಮೊಬೈಲಿನಲ್ಲಿ ಸಿನಿಮಾದ ಆ ದೃಶ್ಯ ನಿಲ್ಲಿಸಿ ಪಕ್ಕಕ್ಕೆ ಹಿಡಿದಳು. ಅದೇ ಸೀಳು, ಅದೇ ಕಡೆ.

"ನಮ್ಮಪ್ಪ ಸಿನಿಮಾ ಸೆಟ್ಟಲ್ಲಿ ಬಡಗಿ ಕೆಲ್ಸ ಮಾಡ್ತಿದ್ರು. ಶೂಟಿಂಗ್ ಮುಗಿದ್ಮೇಲೆ ಬಿಸಾಡ್ತಿದ್ರಂತೆ, ಎತ್ಕೊಂಬಂದ್ರು," ಎಂದರು ಶೆಡ್ಡಿನವರು. "ಪೌರಾಣಿಕ ನಾಟಕದಲ್ಲಿ ಹಕ್ಕಿ ಪಾಲ್ಟಿಗೆ ಕೊಡ್ತಿದ್ವಿ. ಈಗ ಯಾರೂ ಕೇಳಲ್ಲ. ತಗೊಂಡೋಗ್ರಮ್ಮ, ಧೂಳು ಕುಡೀತಾ ಬಿದ್ದೈತೆ."

ನೆಲದ ಮೇಲೆ ಕಾಲು ನಿಲ್ಲಲಿಲ್ಲ ನಮಗೆ. ಸ್ಕೂಟರಿನ ಹಿಂದೆ ಕೂತು ಅದನ್ನು ಹಸುಗೂಸಿನಂತೆ ತಬ್ಬಿಕೊಂಡು ಬಂದೆ. ಸಿಗ್ನಲಿನಲ್ಲಿ ಪಕ್ಕದ ಬಸ್ಸಿನವರೆಲ್ಲ ಕಿಟಕಿಗೆ ಮುತ್ತಿಕೊಂಡರು. ಓರಗಿತ್ತಿ ದಾರಿಯುದ್ದಕ್ಕೂ ಕೂಗುತ್ತಲೇ ಇದ್ದಳು, "ಅಕ್ಕಾ, ನಾವೇ ಗೆದ್ದಿದ್ದು! ನಾವೇ ಗೆದ್ದಿದ್ದು!"

ಮನೆ ಮುಟ್ಟಿದ ಮೇಲೆ ಪ್ರಶ್ನೆ ಎದ್ದಿತು. ತಲೆ ಒಂದೇ, ಮನೆ ಎರಡು. ಕೆಳಗಿರಬೇಕೋ, ಮೇಲಿರಬೇಕೋ?

"ಕತ್ತರಿಸಿದ ತಲೆ ಇದು. ಸಿನಿಮಾಕ್ಕೆ ಸೇರಿದ್ದು. ಅಂದ್ರೆ ನಂದು," ಎಂದಳು ಅವಳು. ಕತ್ತಿನ ಒಳಭಾಗಕ್ಕೆ ಬಳಿದ ಕೆಂಪು ಬಣ್ಣವನ್ನು ಬೆರಳಿನಿಂದ ತೋರಿಸಿದಳು ಬೇರೆ.

ನನಗೆ ಉರಿದುಹೋಯಿತು. "ಮೂಲ ಕತೇಲಿ ಹಕ್ಕಿ ಸತ್ತಿದ್ರೆ ನೀನೇ ಇಟ್ಕೋ. ಬದುಕಿದ್ರೆ ಇದು ಕೆಳಗಿಂದ ಕದಲೋ ಹಾಗಿಲ್ಲ. ಆಗ್ಬೋದಾ?"

"ಆಗ್ಬೋದು. ಆದ್ರೆ ಕಿವಿ ಸಾಕ್ಷಿ ನಡೆಯಲ್ಲ. ಅಚ್ಚಾಗಿರೋದು ಬೇಕು."

ಅಚ್ಚಾದ ಕೊನೆಯ ಕಂತಿಗಾಗಿ ಹಳೇ ಪುಸ್ತಕದ ಅಂಗಡಿಗಳನ್ನೆಲ್ಲ ಜಾಲಾಡಿದೆ, ಲೈಬ್ರರಿಯ ಮೆಟ್ಟಿಲು ಸವೆಸಿದೆ. ಆ ವರ್ಷದ ಪತ್ರಿಕೆ ಎಲ್ಲೂ ಇರಲಿಲ್ಲ. ಎಂಟು ತಿಂಗಳು ಹಕ್ಕಿಯ ತಲೆ ಮಹಡಿ ಮೆಟ್ಟಿಲ ಮಧ್ಯದಲ್ಲಿ ಸ್ಟೂಲಿನ ಮೇಲೆ, ಯಾರ ಮನೆಗೂ ಸೇರದೆ ಕೂತಿತ್ತು. ಹಾಲಿನವನು ಅದಕ್ಕೆ ಕೈಮುಗಿದು ಹೋಗುವುದನ್ನು ರೂಢಿ ಮಾಡಿಕೊಂಡ. ಕೊನೆಗೆ ನನಗೊಂದು ಯೋಚನೆ ಬಂತು. ಅಚ್ಚಾಗಿದ್ದನ್ನು ಓದಿದ ಮನುಷ್ಯಳೇ ಆವತಿಯಲ್ಲಿ ಗಟ್ಟಿಮುಟ್ಟಾಗಿ ಕೂತಿರುವಾಗ ಅಂಗಡಿ ಅಂಗಡಿ ಅಲೆಯುವುದೇಕೆ? ಅಮ್ಮನ ಬಾಯಿಂದಲೇ ಇವಳಿಗೆ ಕೇಳಿಸಿಬಿಡೋಣ.

ಭಾನುವಾರ ಬೆಳಗ್ಗೆ ತಲೆಯನ್ನೂ ಚೀಲಕ್ಕೆ ಹಾಕಿಕೊಂಡೇ ಹೊರಟೆವು, ಗೆದ್ದವರು ಅಲ್ಲೇ ಎತ್ತಿಕೊಳ್ಳಲಿ ಎಂದು. ಜಗಳವಾಡುತ್ತಾ ಬಂದ ನಮ್ಮಿಬ್ಬರನ್ನೂ ನೋಡಿ ಅಮ್ಮ ನಕ್ಕಳು. ನನ್ನ ತಮ್ಮನ ಹೆಂಡತಿಯ ಜೊತೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನಾನು ಪೀಠಿಕೆಯಿಲ್ಲದೆ ಕೇಳಿದೆ.

"ಅಮ್ಮಾ, ಆ ಬಾವಿ ಕತೆ ಕೊನೇ ಕಂತಲ್ಲಿ ಹಕ್ಕಿ ಏನಾಯ್ತು, ಇವಳಿಗೆ ಹೇಳು."

ಅಮ್ಮನ ಕೈ ನಿಂತಿತು. ನನ್ನ ಮುಖ ನೋಡಿದಳು, ಚೀಲದಿಂದ ಇಣುಕುತ್ತಿದ್ದ ಕೊಕ್ಕು ನೋಡಿದಳು. ಆಮೇಲೆ ಮೆಲ್ಲಗೆ ಅಂದಳು, "ನನ್ನ ಟ್ರಂಕಲ್ಲಿ ತಳಕ್ಕೆ ಪೇಪರ್ ಹಾಸಿದ್ದೀನಿ ನೋಡು. ಅದರಡಿ ಐತೆ. ತಗೊಂಬಾ."

ಇತ್ತು! ನಾಲ್ಕು ಹಾಳೆ, ಅಂಚು ಹಳದಿಯಾಗಿ, ಬ್ಲೇಡಿನಿಂದ ನೀಟಾಗಿ ಕತ್ತರಿಸಿದ್ದು. ಮೇಲೆ 'ಮುಕ್ತಾಯ' ಎಂದು ಅಚ್ಚಾಗಿತ್ತು. ಓದು, ನೀನೇ ಓದು ಎಂದು ಓರಗಿತ್ತಿಯ ಕೈಗೆ ತುರುಕಿದೆ. ಅವಳು ಜೋರಾಗಿ ಓದಿದಳು. ಆರು ಬಾಗಿಲು ಸರಿಯಾಗಿ ಬಂದವು. ಏಳನೆಯದು ಬಂತು. ಕಮ್ಮಾರನ ಮಗಳು ಕತ್ತಿ ಎತ್ತಿದಳು. ಒಂದೇ ಏಟು. ತಲೆ ಮೆಟ್ಟಿಲ ಮೇಲೆ ಉರುಳಿತು.

ಬುತ್ತಿಯಿಲ್ಲ. ಮುದ್ದೆಯಿಲ್ಲ. ಕತೆ ಮುಗಿದೇ ಹೋಯಿತು. ಸಿನಿಮಾದವರು ಪುಸ್ತಕದಲ್ಲಿ ಹೇಗಿತ್ತೋ ಹಾಗೇ ತೆಗೆದಿದ್ದರು.

ಓರಗಿತ್ತಿ ಕುಣಿಯುತ್ತಾಳೆ ಅಂದುಕೊಂಡಿದ್ದೆ. ಅವಳು ಹಾಳೆ ಮಡಿಸಿ ನನ್ನ ಕೈಗೆ ಕೊಟ್ಟಳು. ಹದಿನಾರು ವರ್ಷ ಎದೆ ತಟ್ಟಿ ವಾದಿಸಿದ್ದ ಮೂಲ ಎಲ್ಲಿತ್ತು ಹಾಗಾದರೆ?

"ಅವತ್ತು ಹೊಸತೊಡಕಾಗಿ ಮೂರು ದಿನ ಆಗಿತ್ತು," ಎಂದಳು ಅಮ್ಮ. "ನಿನ್ನ ಹುಂಜ ಕುಯ್ದಿದ್ವಲ್ಲ."

ಯುಗಾದಿಯ ಮರುದಿನದ ಹೊಸತೊಡಕಿಗೆ ನಮ್ಮಲ್ಲಿ ಬಾಡೂಟ. ಆ ವರ್ಷ ಕುಯ್ದದ್ದು ನಾನು ಮರಿಯಿಂದ ಸಾಕಿದ ಹುಂಜ. ಮಧ್ಯಾಹ್ನ ಶಾಲೆಯಿಂದ ಬಂದರೆ ನನ್ನ ತಟ್ಟೆಯ ಮುದ್ದೆ ಚೂರಿಗೆ ಕೊಕ್ಕು ಹಾಕಲು ಕಾಯುತ್ತಿತ್ತು. ನಾನು ಇವತ್ತಿಗೂ ಕೋಳಿ ತಿನ್ನುವುದಿಲ್ಲ, ಗಂಡನ ಮನೆಯವರಿಗೆಲ್ಲ ಅದೊಂದು ತಮಾಷೆಯ ವಿಷಯ. ಆದರೆ ಧಾರಾವಾಹಿ ಮುಗಿದದ್ದು ಅದೇ ವಾರ ಎಂಬುದು ನನ್ನ ತಲೆಗೆ ಹೊಳೆದೇ ಇರಲಿಲ್ಲ.

"ಮೂರು ದಿನ ಒಂದು ತುತ್ತು ಮುಟ್ಟಿರ್ಲಿಲ್ಲ ನೀನು. ಬರೀ ನೀರು. ಹೊಡೆದ್ರೂ ಇಲ್ಲ, ಮುದ್ದು ಮಾಡಿದ್ರೂ ಇಲ್ಲ. ಕತೆ ಓದು ಅಂತ ಮಾತ್ರ ಬಂದು ಕೂತ್ಕೊಂಡೆ. ಪೇಪರ್ ತೆಗೆದು ನೋಡ್ತೀನಿ, ಅದ್ರಲ್ಲೂ ಹಕ್ಕಿ ಕತ್ತು ಕುಯ್ದವ್ರೆ. ಹೆಂಗೆ ಓದ್ಲವ್ವ ನಾನು? ಪೇಪರ್ ಮುಂದಿಟ್ಕೊಂಡು ಬಾಯಿಗೆ ಬಂದಿದ್ದು ಹೇಳ್ದೆ."

"ಮತ್ತೆ ಮುದ್ದೆ?" ಎಂದು ಕೇಳಿದಳು ಓರಗಿತ್ತಿ.

"ಪಕ್ಕದಲ್ಲೇ ತಟ್ಟೆ ಇಟ್ಕೊಂಡಿದ್ನಲ್ಲ. ನೀನು ತಿಂದ್ರೆ ನಾನೂ ತಿಂತೀನಿ ಅಂತು ಹಕ್ಕಿ, ಅಂತ ಹೇಳಿ ಇವಳ ಮುಖ ನೋಡ್ತಾ ಕೂತೆ. ಸುಮಾರು ಹೊತ್ತು ಕೂತೆ. ತಟ್ಟೆಗೆ ಕೈ ಹಾಕಿದ್ಲು."

ಅಮ್ಮ ಅಲ್ಲಿ ಯಾಕೆ ನಿಲ್ಲಿಸಿದ್ದಳು ಎಂದು ಆಗ ನನಗೆ ಗೊತ್ತಾಯಿತು. ಅಳು ಬಂತು, ಅಳುತ್ತಲೇ ನಗುವೂ ಬಂತು. ನಾಲ್ಕು ಊರಿನ ಮುಂದೆ ಶ್ರೇಷ್ಠ ಸಾಹಿತ್ಯ ಎಂದು ಮೆರೆಸಿದ್ದು ನನಗೆ ಊಟ ಮಾಡಿಸಲು ನಮ್ಮಮ್ಮ ಕಟ್ಟಿದ ಸುಳ್ಳು!

"ಮತ್ತೆ ಇದನ್ನ ಹರಿದು ಹಾಕ್ದೆ ಯಾಕಮ್ಮಾ ಇಟ್ಟೆ?"

"ಬರೆದೋರು ಪಾಪ ಎಷ್ಟು ಕಷ್ಟ ಬಿದ್ದು ಬರೆದಿರ್ತಾರೆ. ಹರಿಯೋಕೆ ಮನಸ್ಸು ಬರ್ಲಿಲ್ಲ. ನಿನ್ ಕೈಗೆ ಸಿಗ್ದಂಗೆ ಇಟ್ಟೆ, ಅಷ್ಟೇ."

ಪಂದ್ಯ ಸೋತಿದ್ದೆ. ಚೀಲದಿಂದ ಹಕ್ಕಿಯ ತಲೆ ತೆಗೆದು ಓರಗಿತ್ತಿಯ ತೊಡೆಯ ಮೇಲಿಟ್ಟೆ. ಅಮ್ಮ ಹತ್ತಿರ ಬಂದು ಅದರ ಗಾಜಿನ ಕಣ್ಣನ್ನು ಸೆರಗಿನಿಂದ ಒರೆಸಿ, ಅಯ್ಯೋ ಇಷ್ಟು ದಪ್ಪ ಇತ್ತಾ, ಅರ್ಧ ಮುದ್ದೆ ಎಲ್ಲಿ ಸಾಕಾಗ್ತಿತ್ತು ಇದಕ್ಕೆ, ಎಂದು ಲೊಚಗುಟ್ಟಿದಳು.

ಮಧ್ಯಾಹ್ನ ಅವರೆಕಾಳು ಸಾರು, ಮುದ್ದೆ. ಎಲ್ಲರೂ ಸಾಲಾಗಿ ಕೂತೆವು. ಗೆದ್ದ ತಲೆಯನ್ನು ಓರಗಿತ್ತಿ ತನ್ನ ಪಕ್ಕದಲ್ಲೇ ಕೂರಿಸಿಕೊಂಡಿದ್ದಳು. ಮುದ್ದೆ ಮುರಿದವಳು ಬಾಯಿಗಿಡದೆ ಅಮ್ಮನ ಕಡೆ ತಿರುಗಿದಳು.

"ಅಮ್ಮಾ, ತಿಂದ್ಮೇಲೆ ಏನಾಯ್ತು? ಹಕ್ಕಿ ಬಾಗಿಲು ತೆಗೀತಾ? ಮೊದಲಿಂದ ಹೇಳಿ."

ಅಮ್ಮ ಸೌಟು ಹಿಡಿದುಕೊಂಡೇ ಶುರು ಮಾಡಿದಳು. ಕತ್ತಿ ಮೊಂಡಾಯಿತು, ಬುತ್ತಿ ಬಿಚ್ಚಿತು. ಒಂದು ಪದವೂ ಬದಲಾಗಿರಲಿಲ್ಲ. ನೀನು ತಿಂದರೆ ನಾನೂ ತಿನ್ನುತ್ತೇನೆ ಎಂಬಲ್ಲಿಗೆ ಬಂದು ನಿಲ್ಲಿಸಿ, ಅಷ್ಟು ವರ್ಷಗಳ ಹಿಂದೆ ನೋಡಿದ ಹಾಗೇ ನನ್ನ ಮುಖ ನೋಡಿದಳು.

ನಾನು ಇನ್ನೊಂದು ಮುದ್ದೆ ಹಾಕಿಸಿಕೊಂಡೆ.