ಒಂದು ಕೈಲಿ ಹಿಡಿಯೋ ಫೋನ್ ಇದೆಯಾ?

ಮೊನ್ನೆ ಶನಿವಾರ ಮಧ್ಯಾಹ್ನ ನನ್ನನ್ನೂ ನನ್ನ ತಂಗಿಯನ್ನೂ ಒಂದು ಮೊಬೈಲ್ ಶೋರೂಮಿನಿಂದ ಹೊರಗೆ ಕಳಿಸಿದರು.

ಕತ್ತು ಹಿಡಿದು ದಬ್ಬಲಿಲ್ಲ ಬಿಡಿ. ‘ಪ್ಲೀಸ್ ಮೇಡಂ’ ಅಂತ ಗಾಜಿನ ಬಾಗಿಲು ತೆಗೆದು ಹಿಡಿದುಕೊಂಡು ಮರ್ಯಾದೆಯಾಗೇ ಕಳಿಸಿದರು. ನಾವು ಕೂಗಾಡಿರಲಿಲ್ಲ. ಏನನ್ನೂ ಒಡೆದಿರಲಿಲ್ಲ. ಒಂದು ಬಿಳಿ ಹಾಳೆ ಕೇಳಿದ್ದೆವು, ಅಷ್ಟೇ.

ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ವಾರವಾರ ಈ ಅಂಕಣ ಓದುವ ನಿಮಗೆ ನನ್ನ ಸಿಟ್ಟಿನ ಪರಿಚಯ ಇದ್ದೇ ಇದೆ (ನಮ್ಮ ಬೀದಿಯ ಸ್ಪೀಡ್ ಬ್ರೇಕರ್ ಮೇಲೆ ಹರಿಹಾಯ್ದಿದ್ದನ್ನೂ ಸಹಿಸಿಕೊಂಡಿದ್ದೀರಿ). ಅವೆಲ್ಲ ಸಂಜೆ ಕಾಫಿ ಹೊತ್ತಿಗೆ ಆರಿಹೋಗುವಂಥವು. ಇದು ಆರುತ್ತಿಲ್ಲ.

ಮೊದಲಿಂದ ಹೇಳುತ್ತೇನೆ.

ಸುಧಾ ನನ್ನ ಚಿಕ್ಕಮ್ಮನ ಮಗಳು. ನಲವತ್ಮೂರು ವರ್ಷ. ಕುಂಬಾರಕೊಪ್ಪಲಿನಲ್ಲಿ ಅಮ್ಮನ ಜೊತೆ ಇದ್ದಾಳೆ. ಒಂದು ಖಾಸಗಿ ಕಾಲೇಜಿನಲ್ಲಿ ಲೈಬ್ರರಿಯನ್. ಎರಡು ವರ್ಷದ ಮಗುವಾಗಿದ್ದಾಗ ಪೋಲಿಯೋ ಬಂದು ಅವಳ ಎಡಗೈ ಹೋಯಿತು. ಕೈ ಇದೆ, ಭುಜದಿಂದ ಕೆಳಗೆ ಸುಮ್ಮನೆ ತೂಗುತ್ತೆ. ಮಿಕ್ಕಿದ್ದೆಲ್ಲ ಬಲಗೈಯದೇ ಕೆಲಸ. ಹತ್ತನೇ ವಯಸ್ಸಿಗೇ ಒಂದೇ ಕೈಲಿ ಜಡೆ ಹಾಕಿಕೊಳ್ಳೋದು ಕಲಿತಳು. ಹೇಗೆ ಅಂತ ಕೇಳಬೇಡಿ. ಪಕ್ಕದಲ್ಲೇ ನಿಂತು ಎಷ್ಟೋ ಸಲ ನೋಡಿದ್ದೇನೆ, ನನಗಂತೂ ಇವತ್ತಿಗೂ ಅರ್ಥವಾಗಿಲ್ಲ. ಹುರುಳಿಕಾಯಿ ಹೆಚ್ಚುತ್ತಾಳೆ, ಸೀರೆ ನೆರಿಗೆ ಹಿಡಿಯುತ್ತಾಳೆ, ಏಣಿ ಹತ್ತಿ ಮೇಲಿನ ಶೆಲ್ಫಿನ ಪುಸ್ತಕ ತೆಗೆಯುತ್ತಾಳೆ. ‘ಯಾರಾದ್ರೂ ಹಿಡ್ಕೊಡ್ಲಾ ಅಂದ್ರೆ ಮೈ ಉರಿಯುತ್ತೆ ಕಣಕ್ಕ’ ಅನ್ನುವವಳು.

ಅವಳ ಹತ್ತಿರ ಒಂದು ಹಳೇ ಫೋನಿತ್ತು. ಚಿಕ್ಕದು, ಅಗ್ಗದ್ದು. ಅಂಗೈಲಿ ಕೂತರೆ ಹೆಬ್ಬೆರಳು ಸ್ಕ್ರೀನಿನ ಮೂಲೆಮೂಲೆಗೂ ತಲುಪುತ್ತಿತ್ತು. ನಡೆಯುತ್ತಾ ಮೆಸೇಜ್ ಟೈಪ್ ಮಾಡುತ್ತಿದ್ದಳು. ನಮಗೆ ಇದೇನು ಮಹಾ ಅನ್ನಿಸುತ್ತೆ. ಅವಳಿಗೆ ಅದು ಮಹಾ.

ಒಂದು ದಿನ ಬ್ಯಾಂಕಿನ ಆ್ಯಪ್ ತೆರೆದರೆ, ನಿಮ್ಮ ಫೋನ್ ಹಳೆಯದಾಗಿದೆ, ಇನ್ನು ಮುಂದೆ ಈ ಆ್ಯಪ್ ನಡೆಯಲ್ಲ ಅಂತ ಬಂತು. ಫೋನ್ ಚೆನ್ನಾಗೇ ಇತ್ತು. ಬ್ಯಾಟರಿಯೂ ಚೆನ್ನಾಗಿತ್ತು. ಅದು ಹಳೆಯದು ಅಂತ ತೀರ್ಮಾನ ಮಾಡಿದವರು ಯಾರೋ, ಎಲ್ಲೋ ಕೂತಿದ್ದಾರೆ. ಸರಿ, ಸುಧಾ ಶೋರೂಮಿಗೆ ಹೋದಳು. ‘ಒಂದು ಕೈಲಿ ಹಿಡಿಯೋ ಫೋನ್ ಇದೆಯಾ?’ ಅಂದಳು. ಇಲ್ಲ ಅಂದರು. ಇದ್ದುದರಲ್ಲಿ ಚಿಕ್ಕದು ಕೊಡಿ ಅಂದಳು. ಹಳೇ ಫೋನನ್ನು ಎಕ್ಸ್‌ಚೇಂಜಿಗೆ ತಗೊಂಡು ಕೊಟ್ಟರು. ಮನೆಗೆ ತಂದಾಗ ಚಿಕ್ಕಮ್ಮ ನೋಡಿ, ‘ಇದೇನೇ, ಸ್ಲೇಟ್ ತಂದ್ಬುಟ್ಟಿದೀಯ?’ ಅಂದರಂತೆ.

ಆ ಸ್ಲೇಟನ್ನು ಅವಳು ಎರಡು ತಿಂಗಳು ಪಳಗಿಸಲು ನೋಡಿದಳು. ಮೇಲಿನ ಸಾಲು ಒತ್ತಬೇಕಾದರೆ ಫೋನನ್ನು ಎದೆಗೆ ಆನಿಸಿಕೊಳ್ಳೋದು, ಮೊಣಕಾಲ ಮೇಲೆ ಇಟ್ಟುಕೊಳ್ಳೋದು, ಕಾಂಪೌಂಡ್ ಗೋಡೆ ಸಿಕ್ಕರೆ ಅದರ ಮೇಲಿಡೋದು.

ಬಸ್ ಸ್ಟಾಪಿನಲ್ಲಿ ಗೋಡೆ ಇರಲಿಲ್ಲ.

ಕಾಲೇಜು ಬಿಟ್ಟು ಬಸ್ಸಿಗೆ ಕಾಯುತ್ತಿದ್ದಳು. ಚಿಕ್ಕಮ್ಮನ ಫೋನ್ ಬಂತು. ಬ್ಯಾಗಿನಿಂದ ತೆಗೆದಳು, ಹೆಬ್ಬೆರಳು ಚಾಚಿದಳು, ಫೋನ್ ವಾಲಿತು. ಜಾರುವ ವಸ್ತುವನ್ನು ಹಿಡಿಯಲು ಹೋಗೋದು ಮನುಷ್ಯರ ಸಹಜ ಬುದ್ಧಿ. ಅವಳೂ ಬಾಗಿದಳು. ಫುಟ್‌ಪಾತಿನ ಎದ್ದ ಕಲ್ಲಿಗೆ ಕಾಲು ಸಿಕ್ಕಿ ರಸ್ತೆಗೆ ಬಿದ್ದಳು. ನಾನೋ ನೀವೋ ಆಗಿದ್ದರೆ ಒಂದು ಕೈ ತಪ್ಪಿದರೆ ಇನ್ನೊಂದು ಊರುತ್ತಿದ್ದೆವು. ಅವಳು ಊರಿದ್ದು ಇದ್ದ ಒಂದೇ ಕೈ. ಮಣಿಕಟ್ಟಿನ ಮೂಳೆ ಮುರಿಯಿತು.

ಫೋನಿಗೆ ಏನೂ ಆಗಲಿಲ್ಲ. ಒಂದು ಗೀರೂ ಇಲ್ಲ. ಗಟ್ಟಿ ಗ್ಲಾಸಂತೆ.

ಆರು ವಾರ ಪ್ಲಾಸ್ಟರ್. ಆ ಆರು ವಾರವನ್ನು ಹೇಗೆ ಬರೆಯಲಿ? ಎಪ್ಪತ್ತು ದಾಟಿದ ಚಿಕ್ಕಮ್ಮ ಮಗಳಿಗೆ ಅನ್ನ ಕಲಸಿ ತಿನ್ನಿಸಿದರು. ಹಲ್ಲುಜ್ಜಿಸಿದರು. ಸ್ನಾನ ಮಾಡಿಸಿದರು. ಒಂದು ಭಾನುವಾರ ನಾನು ಹೋದಾಗ ಚಿಕ್ಕಮ್ಮ ಅವಳಿಗೆ ತಲೆ ಬಾಚುತ್ತಿದ್ದರು. ಸುಧಾ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು. ನನ್ನ ಕಡೆ ತಿರುಗಲಿಲ್ಲ. ‘ನಲವತ್ತು ವರ್ಷ ಕಲ್ತಿದ್ದೆಲ್ಲ ಹೋಯ್ತಕ್ಕ’ ಅಂದಳು. ನಾನು ಅಡುಗೆಮನೆಗೆ ಹೋಗಿ ಪಾತ್ರೆ ತೊಳೆದೆ.

ಪ್ಲಾಸ್ಟರ್ ತೆಗೆಸಿದ ಮೇಲೆ ಅವಳು ಮಾಡಿದ ಮೊದಲ ಕೆಲಸ ಜಡೆ ಹಾಕಿಕೊಂಡಿದ್ದು. ಅರ್ಧ ಗಂಟೆ ಹಿಡಿಯಿತಂತೆ. ಎರಡನೇ ಕೆಲಸ ನನಗೆ ಫೋನ್ ಮಾಡಿದ್ದು. ‘ಶನಿವಾರ ಶೋರೂಮಿಗೆ ಬರ್ತೀಯಾ? ಇದನ್ನ ವಾಪಸ್ ಕೊಟ್ಟು ಚಿಕ್ಕದು ತಗೋಬೇಕು.’

ಹೋದೆವು.

ಅಲ್ಲಿ ಪೂಜಾ ಅಂತ ಹುಡುಗಿ ನಮ್ಮನ್ನು ನೋಡಿಕೊಂಡಳು. ಇಪ್ಪತ್ತೆರಡಿರಬಹುದು. ಕೈಲೊಂದು ಟ್ಯಾಬ್. ಪಾಪದ ಹುಡುಗಿ, ಅವಳ ಮೇಲೆ ನನಗೆ ಸಿಟ್ಟಿಲ್ಲ. ‘ಚಿಕ್ಕದು ಈಗ ಬರಲ್ಲ ಮೇಡಂ. ಹಿಂದೆ ಒಂದು ರಿಂಗ್ ಅಂಟಿಸ್ಕೊಳ್ಳಿ, ಬೆರಳು ತೂರಿಸಿ ಹಿಡೀಬಹುದು’ ಅಂದಳು. ಸುಧಾ ರಿಂಗಿಗೆ ಬೆರಳು ತೂರಿಸಿದಳು. ಹೆಬ್ಬೆರಳು ಆಗಲೂ ಅರ್ಧಕ್ಕೇ ನಿಂತಿತು. ‘ಸೆಟ್ಟಿಂಗ್ಸಲ್ಲಿ ಒನ್ ಹ್ಯಾಂಡ್ ಮೋಡ್ ಇದೆ ಮೇಡಂ’ ಅಂತ ಅವಳು ಏನೋ ಒತ್ತಿದಳು. ಇಡೀ ಸ್ಕ್ರೀನ್ ಕುಗ್ಗಿ ಕೆಳಗಿನ ಮೂಲೆಗೆ ಬಂತು. ಮಿಕ್ಕ ಜಾಗ ಕಪ್ಪು.

ನೋಡಿ ಹೇಗಿದೆ. ದುಡ್ಡು ಕೊಟ್ಟು ದೊಡ್ಡ ಸ್ಕ್ರೀನ್ ಕೊಳ್ಳಬೇಕು. ಆಮೇಲೆ ಬಟನ್ ಒತ್ತಿ ಅದನ್ನು ಚಿಕ್ಕದು ಮಾಡಿಕೊಳ್ಳಬೇಕು. ಆದರೆ ಆ ಕಪ್ಪು ಜಾಗವನ್ನು ಮಾತ್ರ ಕೈಲಿ ಹೊತ್ತುಕೊಂಡೇ ತಿರುಗಬೇಕು. ಇದನ್ನು ಕಂಡುಹಿಡಿದವರಿಗೆ ಯಾರಾದರೂ ಶಾಲು ಹೊದಿಸಿ ಸನ್ಮಾನ ಮಾಡಿ.

ಚಿಕ್ಕದು ಇಲ್ಲವೇ ಇಲ್ಲ ಅಂತಲ್ಲ, ಒಂದಿತ್ತು. ಗಾಜಿನ ಪೆಟ್ಟಿಗೆಯೊಳಗೆ, ಮೇಲಿಂದ ಲೈಟು ಬಿಟ್ಟಿದ್ದರು. ಸುಧಾ ಕೈಲಿ ಹಿಡಿದಳು. ಅವಳ ಮುಖ ನೋಡಬೇಕಿತ್ತು. ಹೆಬ್ಬೆರಳು ಆ ಮೂಲೆಯಿಂದ ಈ ಮೂಲೆಗೆ ಓಡಾಡಿತು. ಬೆಲೆ ಕೇಳಿದಳು, ಹೇಳಿದರು, ವಾಪಸ್ ಇಟ್ಟಳು. ಅವಳು ಮೂರು ತಿಂಗಳು ಊಟ, ಬಸ್ಸು, ಅಮ್ಮನ ಮಾತ್ರೆ ಎಲ್ಲ ಬಿಟ್ಟರೆ ಅದನ್ನು ಕೊಳ್ಳಬಹುದು. ಅಂದರೆ ಚಿಕ್ಕ ಫೋನ್ ಬೇಕಾದರೆ ನೀವು ದೊಡ್ಡ ಮನುಷ್ಯರಾಗಿರಬೇಕು. ಸಾಧಾರಣ ಸಂಬಳದವರ ಕೈಗಳೇನು ಅಷ್ಟೊಂದು ಉದ್ದ ಬೆಳೆದಿವೆಯೇ?

ಅಷ್ಟರಲ್ಲಿ ಮ್ಯಾನೇಜರ್ ಬಂದರು. ನೀಲಿ ಟೈ, ನಗುಮುಖ. ‘ಚಿಕ್ಕ ಫೋನ್ ಯಾರೂ ಕೇಳಲ್ಲ ಮೇಡಂ. ಜನ ಕೇಳಿದ್ರೆ ಕಂಪನಿಯವರು ಮಾಡಲ್ವಾ?’ ಅಂದರು.

ನಾವು ಫೋನ್ ವಾಪಸ್ ತಗೋತಾರಾ ಅಂತ ತಿಳಿದುಕೊಳ್ಳಲು ಅಲ್ಲೇ ಸೋಫಾದಲ್ಲಿ ಕೂತೆವು. ಮುಕ್ಕಾಲು ಗಂಟೆ ಕೂತಿರಬಹುದು. ಆ ಹೊತ್ತಿನಲ್ಲಿ ಸಿಟಿ ಬಸ್ಸಿನ ಕಂಡಕ್ಟರ್ ಒಬ್ಬರು ಬಂದರು, ಖಾಕಿ ಅಂಗಿಯಲ್ಲೇ. ಕೈಲಿದ್ದ ದೊಡ್ಡ ಫೋನ್ ತೋರಿಸಿ, ‘ಇದ ಜೇಬಲ್ಲಿ ಎಂಗೆ ಇಟ್ಕಳದು ಹೇಳಿ. ಟಿಕೆಟ್ ಕೊಡಕ್ಕೆ ಬಗ್ಗಿದ್ರೆ ಪ್ಯಾಸೆಂಜರ್ ತಲೆ ಮೇಲೆ ಬೀಳ್ತದೆ. ಸಣ್ಣದು ಕೊಡಿ’ ಅಂದರು. ಆಮೇಲೆ ಶ್ರೀರಾಂಪುರದ ಒಬ್ಬಾಕೆ, ಹೆಗಲ ಮೇಲೆ ನಾಲ್ಕು ತಿಂಗಳ ಮಗು. ‘ಒಂದು ಕೈಲಿ ಯಾವಾಗ್ಲೂ ಇವನಿರ್ತಾನೆ. ಇನ್ನೊಂದು ಕೈಲಿ ಹಿಡಿಯೋ ಅಂಥದ್ದು ಇದ್ರೆ ತೋರ್ಸಿ’ ಅಂದರು.

ಇಬ್ಬರಿಗೂ ಮ್ಯಾನೇಜರ್ ಹೇಳಿದ್ದು ಒಂದೇ ಮಾತು. ಅದೇ ನಗುಮುಖದಲ್ಲಿ. ಚಿಕ್ಕದು ಯಾರೂ ಕೇಳಲ್ಲ.

ನಾನು ಎದ್ದು ಪೂಜಾ ಹತ್ತಿರ ಹೋದೆ. ಗಿರಾಕಿ ಬಂದಾಗಲೆಲ್ಲ ಅವಳು ಟ್ಯಾಬಿನಲ್ಲಿ ಏನೋ ಒತ್ತುತ್ತಿದ್ದಳು. ‘ಅದೇನಮ್ಮ?’ ಅಂದೆ. ‘ಫಾರಂ ಮೇಡಂ. ಕಸ್ಟಮರ್ ಏನು ಕೇಳಿದ್ರು ಅಂತ ಹಾಕ್ಬೇಕು. ಕಂಪನಿಗೆ ಹೋಗುತ್ತೆ’ ಅಂತ ತೋರಿಸಿದಳು. ಕ್ಯಾಮೆರಾ, ಬ್ಯಾಟರಿ, ಸ್ಟೋರೇಜ್, ಗೇಮಿಂಗ್, ದೊಡ್ಡ ಡಿಸ್‌ಪ್ಲೇ. ಇಷ್ಟೇ ಮನೆಗಳು. ಒಂದಕ್ಕೆ ಟಿಕ್ ಹಾಕದಿದ್ದರೆ ಮುಂದಿನ ಪುಟ ತೆರೆಯಲ್ಲ.

‘ಸುಧಾಗೆ ಯಾವುದಕ್ಕೆ ಹಾಕಿದೆ?’

ಹುಡುಗಿ ತಲೆ ತಗ್ಗಿಸಿದಳು. ‘ದೊಡ್ಡ ಡಿಸ್‌ಪ್ಲೇ ಮೇಡಂ. ಸೈಜ್ ಬಗ್ಗೆ ಇರೋ ಆಪ್ಶನ್ ಅದೊಂದೇ.’

‘ಆ ಕಂಡಕ್ಟರಿಗೆ?’

‘ಅವ್ರಿಗೂ ಅದೇ.’

ನನ್ನ ಕಿವಿಯೆಲ್ಲ ಬಿಸಿಯಾಯಿತು. ಯೋಚನೆ ಮಾಡಿ. ಚಿಕ್ಕ ಫೋನ್ ಸಿಗದೆ, ಇದ್ದೊಂದು ಕೈ ಮುರಿದುಕೊಂಡು, ಆರು ವಾರ ಅಮ್ಮನ ಕೈ ತುತ್ತು ತಿಂದು, ಮತ್ತೆ ಬಂದು ಚಿಕ್ಕದೇ ಕೊಡಿ ಅಂತ ಕೇಳಿದ ಹೆಂಗಸು ಕಂಪನಿಯ ಕಡತದಲ್ಲಿ ‘ದೊಡ್ಡದು ಬೇಕೆಂದವಳು’ ಅಂತ ದಾಖಲಾಗಿದ್ದಾಳೆ. ಅವಳ ಹಿಂದೆ ಕಂಡಕ್ಟರ್. ಅವರ ಹಿಂದೆ ಬಾಣಂತಿ. ಇನ್ನು ಊರೂರಲ್ಲಿ ಎಷ್ಟು ಜನವೋ. ಅದನ್ನೆಲ್ಲ ಗುಡ್ಡೆ ಹಾಕಿ ಯಾರೋ ಎಸಿ ರೂಮಿನಲ್ಲಿ ಪರದೆಯ ಮೇಲೆ ತೋರಿಸುತ್ತಿರುತ್ತಾರೆ. ನೋಡಿ, ಜನ ದೊಡ್ಡದನ್ನೇ ಬಯಸುತ್ತಿದ್ದಾರೆ. ಮುಂದಿನ ವರ್ಷ ಇನ್ನೂ ಸ್ವಲ್ಪ ಹಿಗ್ಗಿಸೋಣ.

ಇದು ಬರೀ ಫೋನಿನ ಕತೆಯೇ? ಆಸ್ಪತ್ರೆಯ ಫೀಡ್‌ಬ್ಯಾಕ್ ಚೀಟಿ ನೋಡಿ. ಕಸ್ಟಮರ್ ಕೇರಿನ ‘ಒಂದನ್ನು ಒತ್ತಿ, ಎರಡನ್ನು ಒತ್ತಿ’ ಕೇಳಿ. ನಿಮ್ಮ ತೊಂದರೆಗೆ ಯಾವತ್ತಾದರೂ ಅಲ್ಲಿ ಒಂದು ನಂಬರ್ ಇತ್ತೇ? ನಾವು ಏನು ಹೇಳಬಹುದು ಅನ್ನೋದನ್ನು ಮೊದಲೇ ಅವರು ಬರೆದಿಟ್ಟಿರುತ್ತಾರೆ. ಆಮೇಲೆ ನಮ್ಮನ್ನು ಕೇಳುತ್ತಾರೆ.

ನಾನು ಕೂಗಾಡಲು ಬಾಯಿ ತೆರೆಯುವಷ್ಟರಲ್ಲಿ ಸುಧಾ ಎದ್ದು ಬಂದಳು. ಅವಳ ದನಿ ಲೈಬ್ರರಿಯ ದನಿ, ಏರುವುದಿಲ್ಲ. ಮ್ಯಾನೇಜರಿಗೆ ಹೇಳಿದಳು, ‘ಸರ್, ನಮ್ಮ ಲೈಬ್ರರೀಲಿ ಇಲ್ಲದ ಪುಸ್ತಕ ಯಾರಾದ್ರೂ ಕೇಳಿದ್ರೆ ಒಂದು ರಿಜಿಸ್ಟರಲ್ಲಿ ಬರ್ಕೋತೀವಿ. ಒಬ್ಬನೇ ಹುಡುಗ ಕೇಳಿದ್ರೂ ಬರ್ಕೋತೀವಿ. ಇಲ್ಲಾಂದ್ರೆ ಏನು ತರಿಸ್ಬೇಕು ಅಂತ ನಮಗೆ ಹೇಗೆ ಗೊತ್ತಾಗುತ್ತೆ? ಒಂದು ಬಿಳಿ ಹಾಳೆ ಕೊಡಿ.’

ಮ್ಯಾನೇಜರ್ ಕೊಡಲಿಲ್ಲ. ಪೂಜಾ ಪ್ರಿಂಟರಿನಿಂದ ಒಂದು ಹಾಳೆ ಎಳೆದು ಸುಮ್ಮನೆ ಕೌಂಟರ್ ಮೇಲಿಟ್ಟಳು.

ಪ್ಲಾಸ್ಟರ್ ತೆಗೆದು ಹತ್ತು ದಿನವೂ ಆಗಿರದ ಕೈ. ಹಾಳೆ ಜಾರದಂತೆ ಹಿಡಿದುಕೊಳ್ಳೋಣ ಅಂತ ನಾನು ಕೈ ಚಾಚಿದೆ. ಅವಳು ನೋಡಿದ ನೋಟಕ್ಕೆ ಕೈ ಹಿಂದಕ್ಕೆ ತೆಗೆದುಕೊಂಡೆ. ಸ್ಟೇಪ್ಲರನ್ನು ಹಾಳೆಯ ಮೇಲೆ ಭಾರಕ್ಕಿಟ್ಟು ಅವಳೇ ಬರೆದಳು. ‘ಒಂದು ಕೈಯಲ್ಲಿ ಹಿಡಿದು ಬಳಸಬಹುದಾದ, ಸಾಧಾರಣ ಬೆಲೆಯ ಫೋನ್ ಬೇಕು ಎಂದು ಇಂದು ಇಲ್ಲಿ ಕೇಳಿದವರು.’ ಕೆಳಗೆ ತನ್ನ ಹೆಸರು ಹಾಕಿದಳು. ಕಂಡಕ್ಟರ್ ಇನ್ನೂ ಅಲ್ಲೇ ಇದ್ದರು. ‘ಕೊಡಿ ಇಲ್ಲಿ’ ಅಂತ ಸಹಿ ಹಾಕಿದರು. ಬಾಣಂತಿ ಮಗುವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡು ತಾವೂ ಹಾಕಿದರು.

ಆಗ ಮ್ಯಾನೇಜರಿನ ನಗು ಹೋಯಿತು. ‘ಶೋರೂಮಲ್ಲಿ ಸೈನ್ ಹಾಕ್ಸೋ ಹಾಗಿಲ್ಲ ಮೇಡಂ. ಬೇರೆ ಕಸ್ಟಮರ್ಸ್‌ಗೆ ತೊಂದ್ರೆ. ಪ್ಲೀಸ್, ಹೊರಗೆ.’

‘ಬುಡಿ ಸಾರ್, ನಾವೇನು ಸ್ಟ್ರೈಕ್ ಮಾಡ್ತಿದೀವಾ?’ ಅಂದರು ಕಂಡಕ್ಟರ್.

ಸುಧಾ ಮಾತು ಬೆಳೆಸಲಿಲ್ಲ. ಹಾಳೆಯನ್ನು ಮ್ಯಾನೇಜರ್ ಮುಂದಿಟ್ಟು, ‘ಇದನ್ನ ಕಂಪನಿಗೆ ಕಳಿಸಿ’ ಅಂದಳು. ‘ಪೇಪರ್ ಕಳ್ಸೋಕೆ ಸಿಸ್ಟಮ್ ಇಲ್ಲ ಮೇಡಂ’ ಅಂದರು. ಹಾಳೆಯನ್ನು ಆಫರ್ ಪಾಂಪ್ಲೆಟ್‌ಗಳ ಕೆಳಗೆ ತುರುಕಿದ್ದನ್ನು ನಾನು ನೋಡಿದೆ. ಫೋನನ್ನೂ ವಾಪಸ್ ತಗೊಳ್ಳಲಿಲ್ಲ. ಮೇಲೆ ಹೇಳಿದಂತೆ, ಬಾಗಿಲು ತೆಗೆದು ಹಿಡಿದುಕೊಂಡರು.

ಆಮೇಲೆ ಕೆಸರೆಯಲ್ಲಿ ಹಳೇ ಫೋನ್ ರಿಪೇರಿ ಮಾಡಿ ಮಾರುವ ಅಂಗಡಿಯೊಂದಕ್ಕೆ ಹೋದೆವು. ಅಂಗಡಿಯ ಯಜಮಾನರು ಅರವತ್ತರ ಆಸುಪಾಸಿನವರು, ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡಿದ್ದರು. ‘ಸಣ್ಣ ಸೆಟ್ಟಾ? ಬಂದ ದಿನಾನೇ ಹೋಗ್ಬುಡ್ತವೆ ಕಣಮ್ಮ. ನಿಮ್ಮ ಅದೃಷ್ಟ, ಬೆಳಿಗ್ಗೆ ಒಂದು ಬಂದದೆ’ ಅಂದರು. ಏಳೆಂಟು ವರ್ಷ ಹಳೆಯದು, ಮೂಲೆ ಸವೆದಿತ್ತು. ಸುಧಾ ಅದನ್ನು ಕೊಂಡು, ಸಿಮ್ ಹಾಕಿಸಿ, ಅಲ್ಲೇ ನಿಂತು ಚಿಕ್ಕಮ್ಮನಿಗೆ ಫೋನ್ ಮಾಡಿದಳು. ಒಂದೇ ಕೈಲಿ, ಯಾವುದಕ್ಕೂ ಆನಿಸದೆ. ‘ಅಮ್ಮ, ಹೊರಟ್ವಿ, ಬರ್ತಾ ಇದೀವಿ’ ಅಂತ ಎರಡೇ ಮಾತು. ಹೇಳಿ ಮುಗಿದ ಮೇಲೂ ಅದನ್ನು ಅಂಗೈಲೇ ಇಟ್ಟುಕೊಂಡಿದ್ದಳು.

ಆದರೆ ಅದರಲ್ಲಿ ಬ್ಯಾಂಕಿನ ಆ್ಯಪ್ ನಡೆಯಲ್ಲ. ಅದಕ್ಕೆ ಸ್ಲೇಟೇ ಬೇಕು. ಸ್ಲೇಟು ಮನೆಯ ಮೇಜಿನ ಮೇಲೆ ಮಲಗಿರುತ್ತೆ, ಚಿಕ್ಕದು ಅವಳ ಜೊತೆ ಹೊರಗೆ ಬರುತ್ತೆ. ಎರಡಕ್ಕೂ ಚಾರ್ಜರ್, ಎರಡಕ್ಕೂ ಸಿಮ್, ಎರಡಕ್ಕೂ ರೀಚಾರ್ಜ್.

ಒಂದೇ ಕೈಯ ಹೆಂಗಸಿಗೆ ಎರಡು ಫೋನ್ ಹೊರಿಸಿದ್ದಾರೆ. ಇದನ್ನೂ ಅವರು ಮಾರುಕಟ್ಟೆಯ ಬೆಳವಣಿಗೆ ಅಂತಲೇ ಬರೆದುಕೊಳ್ಳುತ್ತಾರೆ, ಅಲ್ಲವೇ?